ಇಪ್ಪತ್ತೇಳರಿಂದ ಉತ್ತರವಿಲ್ಲ

ನನ್ನ ಸೊಸೆ ಏನು ಕೆಲಸ ಮಾಡುತ್ತಾಳೆಂದು ನೆಂಟರು ಕೇಳಿದರೆ 'ಕಂಪ್ಯೂಟರು' ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗುಣ ನನ್ನದಲ್ಲ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಊಟದ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು, ತಟ್ಟೆಯಲ್ಲಿ ಕಲಸಿದ ಅನ್ನ ಒಣಗುತ್ತಿದ್ದರೂ ಕಣ್ಣು ಕೀಳದೆ ಕೂತಿದ್ದಳು. ನನಗೆ ರೇಗಿತು. ಅನ್ನಕ್ಕಿಂತ ಅದು ಹೆಚ್ಚೇನೇ ಎಂದೆ.

"ಬಿದ್ದುಹೋಗ್ತಾ ಇದೆ ಅತ್ತೆ. ದಿನಾ ಬೀಳುತ್ತೆ. ಯಾಕೆ ಅಂತ ಸಿಗ್ತಾ ಇಲ್ಲ."

"ಬೀಳೋದೇನು, ಮೇಜಿನ ಮೇಲೇ ಇದೆಯಲ್ಲ."

ಅವಳು ನಕ್ಕು, ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ವಿವರಿಸಿದಳು. "ಮನೆಗೆ ಯಜಮಾನಿ ಇದ್ದಹಾಗೆ ಯಂತ್ರದೊಳಗೆ ಕರ್ನಲ್ ಅಂತ ಒಂದಿರುತ್ತೆ. ಬೇರೆ ಯಾರು ಎಡವಿದ್ರೂ ಅವರೊಬ್ಬರೇ ಬೀಳ್ತಾರೆ. ಅದು ಎಡವಿದ್ರೆ ಮನೆಗೆ ಮನೆಯೇ ಬಿತ್ತು. ಯಾವ ಸಾಮಾನು ಎಲ್ಲಿದೆ ಅಂತ ತಿಳಿಯೋಕೆ ಅದರ ಹತ್ರ ವಿಳಾಸಗಳಿರುತ್ತೆ. ಕೆಲವು ಸಲ ಆ ವಿಳಾಸದ ಜಾಗದಲ್ಲಿ ಏನೂ ಇರಲ್ಲ, ಬರೀ ಸೊನ್ನೆ. ನಲ್ ಪಾಯಿಂಟರ್ ಅಂತೀವಿ. ಅಲ್ಲಿ ಏನಾದ್ರೂ ಇದೆಯಾ ಅಂತ ನೋಡ್ದೆ ನಂಬಿಕೊಂಡು ಹೋದ್ರೆ, ಅಷ್ಟೇ, ಎಲ್ಲಾ ನಿಂತುಹೋಗುತ್ತೆ."

"ಅದಕ್ಕೇನು ರಿಪೇರಿ?"

"ರಿಪೇರಿ ಒಂದೇ ಸಾಲು ಅತ್ತೆ. ಹೋಗೋ ಮುಂಚೆ ಇದೆಯಾ ಅಂತ ನೋಡು, ಇಲ್ಲದಿದ್ರೆ ವಾಪಸ್ ಬಾ. ಆದ್ರೆ ಆ ಸೊನ್ನೆನ ಯಾರು ಕೇಳ್ತಿದಾರೆ, ಯಾಕೆ ಕೇಳ್ತಿದಾರೆ, ಅದನ್ನ ಹುಡುಕೋದೇ ಕಷ್ಟ. ಎಡವೋದು ಒಂದು ಕಡೆ, ಬೀಳೋದು ಇನ್ನೊಂದು ಕಡೆ."

"ಗೊತ್ತು, ಸತ್ತವರ ನಂಬರು," ಎಂದೆ ನಾನು.

ಅವಳು ಕೈಯಲ್ಲಿ ತುತ್ತು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಿಮಗೆ ಹೇಗೆ ಗೊತ್ತು ಎಂದಳು. ನನ್ನ ಕಿವಿಗಳು ಬಿಸಿಯಾದವು. ಈ ವಯಸ್ಸಿನಲ್ಲೂ ನಾಚಿಕೆಯಾದರೆ ನನಗೆ ಮೊದಲು ಕಿವಿಯೇ ಬಿಸಿಯಾಗುವುದು. ಮೊದಲು ಊಟ ಮಾಡು ಎಂದು ಗದರಿ ಎದ್ದುಹೋದೆ. ಎದುರಿಗೆ ಕೂತು ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅರವತ್ತರ ದಶಕದ ನಡುಭಾಗದ ಮಾತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕರಲ್ಲಿ ಒಂದು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಯಾವ ಊರೆಂದು ಬರೆಯುವುದಿಲ್ಲ. ಆಗಿದ್ದವರಲ್ಲಿ ಈಗ ಇರುವವಳು ನಾನೊಬ್ಬಳೇ, ಇಲ್ಲದವರ ಮೇಲೆ ದೂರು ಹೇಳಿ ನನಗೇನಾಗಬೇಕು. ಅಲ್ಲಿಗೆ ಬಂದ ಮೊದಲ ಹೆಂಗಸು ನಾನು. ನನಗೋಸ್ಕರ ಒಂದು ಕುರ್ಚಿಗೆ ಹೊಸ ಬೆತ್ತ ಹೆಣೆಸಿದ್ದರು, ಅಷ್ಟು ಮರ್ಯಾದೆ ಮೊದಲ ವಾರ ಇತ್ತು.

ನಮ್ಮ ಹಳ್ಳಿ ಅಂಬಾಜಿದುರ್ಗದ ಕಡೆ. ಹೊಲ, ತೋಟ, ಬಾವಿ ಎಲ್ಲ ಇದ್ದ ಮನೆ. ನನ್ನನ್ನು ಹೈಸ್ಕೂಲಿಗೆ ಕಳಿಸಿದವರು ಅಪ್ಪನೇ, ಅದೂ ದಾಯಾದಿಗಳ ಬಾಯಿಗೆ ಬಿದ್ದು. ಆದರೆ ಕೆಲಸದ ಆರ್ಡರು ಬಂದ ದಿನ ಜಗುಲಿಯಲ್ಲಿ ಕೂತ ನಾಲ್ಕು ಜನ, "ಮಗಳ ಸಂಬಳದಲ್ಲಿ ಮುದ್ದೆ ತಿರುವೋ ಮನೆ ಆಯ್ತಲ್ಲಪ್ಪ" ಎಂದುಬಿಟ್ಟರು. ಅಪ್ಪ ಮುಂಗೋಪಿ. ನನಗೆ ಬಂದಿರುವುದೂ ಆ ಆಸ್ತಿಯೇ. ಹೋಗಬೇಡ ಎಂದರು, ಹೋಗ್ತೀನಿ ಎಂದೆ. ಅವರು ದೇವರ ಗೂಡಿನ ಮುಂದೆ ಕರ್ಪೂರ ಹಚ್ಚಿ, "ಇವಳು ಆ ಕೆಲಸ ಬಿಡೋವರೆಗೂ ಇವಳ ಹತ್ರ ಒಂದು ಮಾತಾಡಲ್ಲ" ಎಂದು ಆಣೆ ಇಟ್ಟರು. ನಮ್ಮ ಕಡೆ ಕರ್ಪೂರದ ಮುಂದೆ ಇಟ್ಟ ಆಣೆ ಎಂದರೆ ಮುಗಿಯಿತು. ಇಟ್ಟವರಿಗೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.

ಹಬ್ಬಕ್ಕೆ ಮನೆಗೆ ಹೋದರೆ ಅಪ್ಪ ನನ್ನ ತಟ್ಟೆಯ ಕಡೆ ನೋಡಿಕೊಂಡು ಅಮ್ಮನಿಗೆ, "ತುಪ್ಪ ಹಾಕಿದ್ಯೇನೇ" ಎನ್ನುತ್ತಿದ್ದರು. ಅಷ್ಟೇ. ಎರಡು ಹಬ್ಬ ಹೀಗೆ ಕಳೆದ ಮೇಲೆ ನಾನೇ ಹೋಗುವುದು ಬಿಟ್ಟೆ. ಅಮ್ಮ ಬಸ್ಸಿನ ಕಂಡಕ್ಟರ ಕೈಲಿ ಹುರಿಗಾಳು, ಚಟ್ನಿಪುಡಿ ಕಳಿಸುತ್ತಿದ್ದಳು. 'ಎಲ್ಲರೂ ಚೆನ್ನಾಗಿದ್ದಾರಂತೆ' ಎಂಬ ಒಂದು ಮಾತೂ ಅದರ ಜೊತೆ ಬರುತ್ತಿತ್ತು.

ಇನ್ನು ಬೋರ್ಡಿನ ವಿಷಯ. ಬೋರ್ಡು ಎಂದರೆ ಒಂದು ಮರದ ಬೀರು. ಅದರ ಮುಖದ ತುಂಬ ಸಣ್ಣ ತೂತುಗಳು, ಒಂದೊಂದು ತೂತಿಗೂ ಒಂದು ನಂಬರು, ಒಂದು ಹಿತ್ತಾಳೆಯ ಮುಚ್ಚಳ. ಊರಿನಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಆ ತೂತಿಗೆ ಪ್ಲಗ್ಗು ಚುಚ್ಚಿ 'ನಂಬರ್ ಪ್ಲೀಸ್' ಎನ್ನಬೇಕು. ಅವರು ಕೇಳಿದ ನಂಬರಿನ ತೂತಿಗೆ ಜೊತೆಯ ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದರೆ ಆ ಮನೆಯಲ್ಲಿ ಗಂಟೆ ಹೊಡೆಯುತ್ತದೆ. ಎಲ್ಲ ಗಂಟೆಗೂ ಕರೆಂಟು ಕೊಡುವುದು ಒಂದೇ ಪೆಟ್ಟಿಗೆ, ಅದಕ್ಕೆ ಒಂದೇ ಫ್ಯೂಸು. ಆ ಫ್ಯೂಸು ಹೋಯಿತೆಂದರೆ ಯಾರ ಮನೆಯ ಗಂಟೆಯೂ ಇಲ್ಲ, ಡಾಕ್ಟರ ಮನೆಯದೂ ಇಲ್ಲ, ಪೊಲೀಸ್ ಠಾಣೆಯದೂ ಇಲ್ಲ.

ನನ್ನ ಜೊತೆಯ ಹಿರಿಯ ಆಪರೇಟರರು ಆ ಊರಿನವರೇ. ಅವರಿಗೆ ನಂಬರು ಬೇಕಾಗಿರಲಿಲ್ಲ. "ಹುಣಸೆಹಣ್ಣಿನ ಮಂಡಿ ಕೊಡಪ್ಪ" ಎಂದರೆ ಕೈ ತಾನಾಗಿ ಹೋಗುತ್ತಿತ್ತು. ನನಗೆ ಮನೆಗಳು ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ತರಬೇತಿಯಲ್ಲಿ ಕಲಿಸಿದ್ದೂ ಅದನ್ನೇ. ಕೇಳಿದ ನಂಬರು ಕೊಡು, ಯಾರು ಯಾಕೆ ಎಂದು ಕೇಳುವುದು ಆಪರೇಟರ ಕೆಲಸವಲ್ಲ. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಒಳ್ಳೆ ವಿದ್ಯಾರ್ಥಿನಿ, ಕರ್ಮ.

ಬೋರ್ಡು ಮೊದಲ ಸಲ ಬಿದ್ದದ್ದು ಒಂದು ಗುರುವಾರ ಮಧ್ಯಾಹ್ನ, ನನ್ನ ಕೈಯಲ್ಲಿ. ರೇಷ್ಮೆಗೂಡಿನ ವ್ಯಾಪಾರಿಯೊಬ್ಬರಿಗೆ ಶಿಡ್ಲಘಟ್ಟ ಕೊಡುತ್ತಿದ್ದೆ. ಗುಂಡಿ ಒತ್ತಿದೆ, ಒಳಗೆ ಚಿಟ್ಟೆಂದಿತು, ಆಮೇಲೆ ಯಾವ ನಂಬರು ಒತ್ತಿದರೂ ಸತ್ತಹಾಗೆ. ಹಿರಿಯರು ಬಂದು ಫ್ಯೂಸು ಬದಲಿಸಿದರು. ಆಗುತ್ತೆ ಬಿಡಮ್ಮ ಎಂದರು. ಮುಂದಿನ ಗುರುವಾರ ಮತ್ತೆ ಬಿತ್ತು, ಈ ಸಲ ಆಸ್ಪತ್ರೆಗೆ ಲೈನು ಕೊಡುವಾಗ. ಅದರ ಮುಂದಿನ ಗುರುವಾರ ಅಕ್ಕಿ ಗಿರಣಿಗೆ ಕೊಡುವಾಗ. ಒಂದೊಂದು ಸಲವೂ ಬೇರೆ ನಂಬರು. ಯಾವ ನಂಬರಿನ ಮೇಲೂ ತಪ್ಪು ಹೊರಿಸಲು ಬರುತ್ತಿರಲಿಲ್ಲ.

ಮೂರನೆಯ ಸಲ ಒಬ್ಬ ಮನುಷ್ಯ ಬರಿಗಾಲಲ್ಲಿ ಓಡಿಬಂದು ಬಾಗಿಲಲ್ಲಿ ನಿಂತ. ಮಗಳಿಗೆ ಹೆರಿಗೆ ನೋವು, ಡಾಕ್ಟರಮ್ಮನಿಗೆ ಫೋನು ಹೋಗುತ್ತಿಲ್ಲ. ಅವನು ನನ್ನನ್ನು ಬೈಯಲಿಲ್ಲ. ಹೆಂಗಸು ಕೂತಿದ್ದಾಳೆಂದು ನೋಡಿ, ಹಿರಿಯರ ಕಡೆ ತಿರುಗಿ, "ಇದಕ್ಕೆಲ್ಲ ಗಂಡಸರು ಬೇಕು ಸ್ವಾಮಿ" ಎಂದು ಹೇಳಿ ಡಾಕ್ಟರಮ್ಮನ ಮನೆ ಕಡೆಗೆ ಓಡಿದ. ಹೆರಿಗೆ ಸುಸೂತ್ರವಾಯಿತೆಂದು ಆಮೇಲೆ ತಿಳಿಯಿತು. ಆದರೆ ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿತು.

ದೊಡ್ಡ ಆಫೀಸಿನಿಂದ ಒಬ್ಬ ಮೆಕ್ಯಾನಿಕ್ ಬಂದರು. ದಪ್ಪ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಚಂದಾದಾರರ ಪಟ್ಟಿ ಇಟ್ಟುಕೊಂಡು ಒಂದೊಂದೇ ಲೈನು ಪರೀಕ್ಷೆ ಮಾಡಿದರು. ಎಲ್ಲವೂ ಸರಿಯಾಗಿತ್ತು. ಪೆಟ್ಟಿಗೆ ಬಿಚ್ಚಿ ಒರೆಸಿ ಕೂರಿಸಿದರು. ಅದೂ ಸರಿಯಾಗಿತ್ತು. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಲೈನಲ್ಲಿ ಇಲ್ಲ, ಬೋರ್ಡಲ್ಲಿ ಇಲ್ಲ. ಹಾಗಾದ್ರೆ ಕೈಯಲ್ಲಿದೆ" ಎಂದರು.

"ಬೋರ್ಡಲ್ಲೇ ಏನೋ ಇದೆ ಸಾರ್," ಎಂದೆ ನಾನು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಹಿಂದಿನಿಂದ ಯಾರೋ ಹೇಳಿದರು, ಎಲ್ಲರೂ ನಕ್ಕರು. ನಾನು ಹಿಂತಿರುಗಿ ಯಾರೆಂದು ನೋಡಲಿಲ್ಲ. ನೋಡಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ, ಅಂದಿದ್ದರೆ ಅವತ್ತೇ ಮನೆಗೆ ಹೋಗಬೇಕಾಗುತ್ತಿತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೆಕ್ಯಾನಿಕ್ ಒಂದು ಸಾಲು ಬರೆದು ಕಳಿಸಿದರೆ ಅಲ್ಲಿಗೆ ಮುಗಿಯಿತು.

ಅದಕ್ಕಿಂತ ಕೆಟ್ಟದ್ದು ಮಾರನೆಯ ದಿನ ಬಂತು. ಕಸ ಗುಡಿಸುವ ಅಜ್ಜಿ ನನ್ನನ್ನು ನೀರಿನ ಹಂಡೆಯ ಹಿಂದಕ್ಕೆ ಕರೆದು ಪಿಸುಗುಟ್ಟಿದಳು. "ಅಮ್ಮಯ್ಯ, ತಪ್ಪು ತಿಳ್ಕೋಬೇಡ. ಅಯ್ಯನೋರು ಕೇಳು ಅಂದ್ರು. ಹೊರಗಿದ್ದಾಗ ಬೋರ್ಡು ಮುಟ್ತೀಯೇನಮ್ಮ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟು ಜನ ಗಂಡಸರು ಕೂತು ನನ್ನ ತಿಂಗಳ ಮೂರು ದಿನದ ಲೆಕ್ಕ ಹಾಕಿದ್ದಾರೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಾರವಾರವೂ ಮುಟ್ಟಾಗುವ ಹೆಂಗಸನ್ನು ಎಲ್ಲಾದರೂ ನೋಡಿದ್ದಾರಾ, ಕೇಳು ಹೋಗು ಎಂದು ಅಜ್ಜಿಯ ಮೇಲೆ ರೇಗಿದೆ. ಪಾಪ, ಅವಳದೇನು ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ದಿನವೆಲ್ಲ 'ನಂಬರ್ ಪ್ಲೀಸ್' ಎನ್ನುವಾಗ ನನ್ನ ದನಿ ಒಡೆಯುತ್ತಿತ್ತು.

ಹಿರಿಯರು ಕೆಟ್ಟವರಲ್ಲ. ಅವರಿಗೂ ಮುಜುಗರವಾಗಿತ್ತು. ಎರಡು ದಿನ ಬಿಟ್ಟು ತಾವೇ ಬಂದು, ಗೋಡೆಯ ಕಡೆ ನೋಡಿಕೊಂಡು ಹೇಳಿದರು. "ಈ ಗುರುವಾರ ರಜ ತಗೊಳಮ್ಮ. ಮುರುಗಮಲ್ಲಕ್ಕೆ ಹೋಗಿ ದರ್ಗಾದಲ್ಲಿ ಒಂದು ತಾಯತ ಕಟ್ಟಿಸ್ಕೊಂಡು ಬಾ. ನಮ್ಮ ಮನೆಯೋರೂ ಹೋಗ್ತಾರೆ. ಯಾರ ಕಣ್ಣೋ ಏನೋ." ಸೋಮವಾರ ಮೆಕ್ಯಾನಿಕ್ ಮತ್ತೆ ಬರುವವರಿದ್ದರು, ಏನು ಬರೆಯಬೇಕೆಂದು ತೀರ್ಮಾನಿಸಲು. ತಾಯತದಲ್ಲಿ ನನಗೆ ನಂಬಿಕೆ ಇತ್ತೋ ಇಲ್ಲವೋ, ಮುಳುಗುವವಳಿಗೆ ಹುಲ್ಲುಕಡ್ಡಿ. ಹೋದೆ.

ಗುರುವಾರ ಮುರುಗಮಲ್ಲದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದೂಗಳು, ಸಾಬರು, ಗಡಿಯಾಚೆಯ ತೆಲುಗಿನವರು, ಎಲ್ಲರೂ ಬರುತ್ತಾರೆ. ಬಸ್ಸಿಳಿದು, ಸಕ್ಕರೆ ಊದುಬತ್ತಿ ಕೊಳ್ಳಲು ಒಂದು ಅಂಗಡಿಯ ಮುಂದೆ ನಿಂತೆ. ಎದುರಿಗೇ ಪೋಸ್ಟಾಫೀಸು. ಸಣ್ಣ ಕೋಣೆ, ಕಿಟಕಿಯ ಪಕ್ಕದಲ್ಲಿ ಗೋಡೆಗೆ ಹೊಡೆದ ಫೋನು. ಸುತ್ತಲ ಹಳ್ಳಿಗಳಿಗೆಲ್ಲ ಅದೊಂದೇ. ಯಾರಿಗಾದರೂ ಮಾತಾಡಬೇಕಿದ್ದರೆ ಪೋಸ್ಟ್‌ಮಾಸ್ಟರು ಹಿಡಿ ತಿರುಗಿಸಿ, ನಮ್ಮ ಬೋರ್ಡಿಗೆ ನಂಬರು ಹೇಳಿ, ಆಮೇಲೆ ರಿಸೀವರು ಅವರ ಕೈಗೆ ಕೊಡುತ್ತಿದ್ದರು. ಅವರ ದನಿ ನನಗೆ ಚೆನ್ನಾಗಿ ಗೊತ್ತು. ಮುಖ ನೋಡೋಣವೆಂದು ಕತ್ತು ಚಾಚಿದೆ.

ಕಿಟಕಿಯ ಹೊರಗೆ ಅಪ್ಪ ನಿಂತಿದ್ದರು.

ಚಪ್ಪಲಿ ಬಿಟ್ಟಿದ್ದರು, ದೇವಸ್ಥಾನದ ಮುಂದೆ ಬಿಡುವ ಹಾಗೆ. ಟವೆಲ್ಲನ್ನು ಹೆಗಲಿನಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಯಾರ ಮುಂದೆಯೂ ಟವೆಲ್ಲು ಇಳಿಸಿದ ಮನುಷ್ಯ ಅಲ್ಲ ಅವರು. ಪೋಸ್ಟ್‌ಮಾಸ್ಟರು ಹಿಡಿ ತಿರುಗಿಸಿ, "ಇಪ್ಪತ್ತೇಳು ಕೊಡಿ" ಎಂದು ಕೂಗಿ ರಿಸೀವರನ್ನು ಕಿಟಕಿಯಿಂದ ಚಾಚಿದರು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು. ಏನೂ ಮಾತಾಡಲಿಲ್ಲ. ಮರುಕ್ಷಣವೇ ಕೆಳಗಿಳಿಸಿ ವಾಪಸು ಕೊಟ್ಟರು.

"ಏನ್ ಯಜಮಾನ್ರೇ, ಇಷ್ಟು ಬೇಗ?"

"ಗಂಡಸಿನ ದನಿ," ಎಂದರು ಅಪ್ಪ. "ಇವತ್ತು ಬೇಡ ಬಿಡಪ್ಪ."

ನಾನು ಅಂಗಡಿಯ ಗೋಣಿಪರದೆಯ ಹಿಂದೆ ಸರಿದು ನಿಂತೆ. ಇಪ್ಪತ್ತೇಳು ನನಗೆ ಚೆನ್ನಾಗಿ ನೆನಪಿತ್ತು. ಗುರುವಾರ ಮಧ್ಯಾಹ್ನ ಮುರುಗಮಲ್ಲದ ಮುಚ್ಚಳ ಬೀಳುತ್ತಿತ್ತು, ಇಪ್ಪತ್ತೇಳು ಕೇಳುತ್ತಿದ್ದರು, ಚುಚ್ಚಿ ಉದ್ದುದ್ದ ಗಂಟೆ ಕೊಡುತ್ತಿದ್ದೆ, ಯಾರೂ ಎತ್ತುತ್ತಿರಲಿಲ್ಲ. ಹಳ್ಳಿಯಿಂದ ಬಂದವರು ಪಾಪ ಎಂದು ಇನ್ನೊಂದು ಸಲ, ಮತ್ತೊಂದು ಸಲ ಗಂಟೆ ಕೊಟ್ಟು, ಕೊನೆಗೆ 'ಇಪ್ಪತ್ತೇಳರಿಂದ ಉತ್ತರವಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ' ಎನ್ನುತ್ತಿದ್ದೆ. ಆ ಕಡೆ ಉಸಿರಿನ ಸದ್ದು ಮಾತ್ರ ಇರುತ್ತಿತ್ತು. ಆ ಉಸಿರು ಯಾರದೆಂದು ನನಗೆ ತಿಳಿದಿರಲಿಲ್ಲವಲ್ಲ ಎಂದು ಅಲ್ಲಿ ನಿಂತು ನಾಚಿಕೆಯಾಯಿತು. ಅಪ್ಪ ಟವೆಲ್ಲು ಮತ್ತೆ ಹೆಗಲಿಗೆ ಏರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಹೋಗಿ ಎದುರಿಗೆ ನಿಲ್ಲಬಹುದಿತ್ತು. ನಿಂತರೆ ಅವರು ಏನು ಮಾಡುತ್ತಿದ್ದರು, ಆಣೆ ಇರುವಾಗ? ಸಿಕ್ಕಿಬಿದ್ದ ಹಾಗೆ ತಲೆ ತಗ್ಗಿಸುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ತಾಯತ ಕಟ್ಟಿಸದೆ ಮುಂದಿನ ಬಸ್ಸಿಗೆ ವಾಪಸು ಬಂದೆ.

ಶುಕ್ರವಾರ ಹಿರಿಯರು ನಗುನಗುತ್ತ ಎದುರಾದರು. "ನಿನ್ನೆ ಬೋರ್ಡು ಕಲ್ಲಿನ ಹಾಗೆ ನಿಂತಿತ್ತು ಕಣಮ್ಮ. ತಾಯತ ಕೆಲಸ ಮಾಡ್ತು ಅನ್ಸುತ್ತೆ." ಸುತ್ತಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರ್ಡು ನಿಂತದ್ದು ತಾಯತದಿಂದಲ್ಲ, ನಾನು ಇರಲಿಲ್ಲವೆಂದು, ಎಂಬುದು ಎಲ್ಲರ ಕಣ್ಣಲ್ಲೂ ಇತ್ತು. ಗಾಯದ ಮೇಲೆ ಉಪ್ಪು.

"ಇಪ್ಪತ್ತೇಳು ಯಾರ ನಂಬರು ಸಾರ್?" ಎಂದೆ.

"ಯಾಕಮ್ಮ? ಕಡಲೆಕಾಯಿ ಮಂಡಿ ಯಜಮಾನ್ರದ್ದು. ಪಾಪ, ಹೋದ ಮಳೆಗಾಲದಲ್ಲಿ ತೀರ್ಕೊಂಡ್ರಲ್ಲ, ನೀನು ಬರೋಕೆ ಮುಂಚೆ. ನಿನ್ನೆ ಯಾರೋ ಕೇಳಿದ್ರು. ಇಲ್ಲದವರನ್ನ ಕರೀಬಾರದಪ್ಪ ಅಂತ ಹೇಳಿ ಪ್ಲಗ್ಗು ಕಿತ್ತೆ."

ಆ ಯಜಮಾನರನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೆ. ಅಪ್ಪನ ಗೆಳೆಯರು. ನಮ್ಮ ಹೊಲದ ಕಡಲೆಕಾಯಿ ಅವರ ಮಂಡಿಗೇ ಹೋಗುತ್ತಿತ್ತು. ಅಪ್ಪ ಜನ್ಮದಲ್ಲಿ ಮೊದಲು ಫೋನು ನೋಡಿದ್ದೂ ಅಲ್ಲೇ, ಅಂಗಡಿಯ ಹಲಗೆಯ ಮೇಲೆ ನಂಬರನ್ನು ದಪ್ಪಕ್ಷರದಲ್ಲಿ ಬರೆಸಿದ್ದರು. ಅಪ್ಪನಿಗೆ ಬಾಯಿಗೆ ಬರುತ್ತಿದ್ದ ನಂಬರು ಅದೊಂದೇ. ಸತ್ತವರ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ, ಉತ್ತರ ಬರದ ಕರೆಗೆ ದುಡ್ಡೂ ಇಲ್ಲ. ಎಲ್ಲ ಯೋಚಿಸಿಯೇ ಕೇಳಿದ್ದಾರೆ.

ಬೋರ್ಡು ಯಾಕೆ ಬೀಳುತ್ತದೆಂಬುದು ಆಗ ಹೊಳೆಯಿತು. ಹಿರಿಯರಿಗೆ ಮನೆ ಗೊತ್ತು, ಅದಕ್ಕೆ ಚುಚ್ಚಲಿಲ್ಲ. ನನಗೆ ನಂಬರು ಮಾತ್ರ ಗೊತ್ತು, ಚುಚ್ಚಿದೆ. ಆ ತೂತಿನಾಚೆ ಏನೋ ಆಗಿದೆ. ಬಾಯಿ ಬಿಟ್ಟರೆ ನಾನು ಉಳಿಯುತ್ತೇನೆ. ಆದರೆ ಸತ್ತವರ ನಂಬರನ್ನು ವಾರವಾರ ಕೇಳುವವರು ಯಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ನನ್ನ ಮುಟ್ಟಿನ ಲೆಕ್ಕ ಹಾಕಿದ ಇದೇ ಗಂಡಸರು. ಬಾಯಿ ಬಿಡದಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅಪ್ಪನ ಆಣೆಯೂ ತೀರುತ್ತದೆ, ಅವರು ನನ್ನೊಡನೆ ಮಾತಾಡುತ್ತಾರೆ. ಹಾಗೂ ಒಮ್ಮೆ ಯೋಚಿಸಿದೆ. ಆದರೆ ಕೈ ಕೆಟ್ಟವಳು ಎನ್ನಿಸಿಕೊಂಡು ಮನೆಗೆ ಹೋಗಿ ಅಪ್ಪನಿಂದ ಮಾತಾಡಿಸಿಕೊಳ್ಳುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ನಾನು ಅವರ ಮಗಳೇ ತಾನೇ.

ಸೋಮವಾರ ಮೆಕ್ಯಾನಿಕ್ ಬಂದು ಕೂತಾಗ, "ಸಾರ್, ನನ್ನ ಕೈ ಬೇಡ, ನಿಮ್ಮ ಕೈಯಲ್ಲೇ ಇಪ್ಪತ್ತೇಳಕ್ಕೆ ಗಂಟೆ ಕೊಡಿ" ಎಂದೆ.

"ಅದು ಪಟ್ಟಿಯಲ್ಲೇ ಇಲ್ಲ."

"ಬೋರ್ಡಲ್ಲಿ ಇದೆ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಪ್ಲಗ್ಗು ಚುಚ್ಚಿ ಗುಂಡಿ ಒತ್ತಿದರು. ಒಂದು ಸಲ, ಎರಡು ಸಲ, ಉದ್ದಕ್ಕೆ. ಏನೂ ಆಗಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಮೆಕ್ಯಾನಿಕ್ ಎದ್ದುಹೋಗಿ ಫ್ಯೂಸಿನ ಹತ್ತಿರ ಬೆರಳು ಹಿಡಿದು ತಕ್ಷಣ ಹಿಂತೆಗೆದರು, ಕಾದ ಕಾವಲಿ ಮುಟ್ಟಿದ ಹಾಗೆ. ಬಂದು ಕೂತು ಅಕ್ಕಿ ಗಿರಣಿಗೆ ಗಂಟೆ ಕೊಟ್ಟರು. ಚಿಟ್ಟೆಂದಿತು. ಬೋರ್ಡು ಬಿತ್ತು, ಅವರ ಕೈಯಲ್ಲೇ.

ಲೈನ್‌ಮನ್ನನ್ನು ಕರೆಸಿದರು. ಅವನು ತಲೆ ಕೆರೆದುಕೊಂಡು ಒಪ್ಪಿಕೊಂಡ. ಯಜಮಾನರು ತೀರಿಕೊಂಡ ಮೇಲೆ ಫೋನು ಬಿಚ್ಚಲು ಹೋದಾಗ ಅವರ ತಾಯಿ, "ವರ್ಷ ತುಂಬೋವರೆಗೂ ಮನೆಯಿಂದ ಒಂದು ಮೊಳೆ ಕೀಳಬಾರ್ದಪ್ಪ, ಫೋನ್ ತಗೊಂಡ್ಹೋಗು, ತಂತಿ ಮುಟ್ಟಬೇಡ" ಎಂದು ಅಡ್ಡ ನಿಂತರಂತೆ. ಸೂತಕದ ಮನೆಯಲ್ಲಿ ತಂತಿಯ ತುದಿಗಳು ಬಿಡಿಬಿಡಿಯಾಗಿ ಜೋತಾಡುವುದೂ ಚೆನ್ನಾಗಿರುವುದಿಲ್ಲವೆಂದು, ಇವನು ಎರಡನ್ನೂ ಸೇರಿಸಿ ಹೊಸೆದು ಗೋಡೆಗೆ ಸಿಕ್ಕಿಸಿ ಬಂದಿದ್ದ. ಅಲ್ಲಿಗೆ ಹೋದ ಕರೆಂಟು ಗಂಟೆಯೇ ಇಲ್ಲದೆ ನೇರ ತಿರುಗಿ ಬಂದು ಫ್ಯೂಸು ಕಾಯಿಸುತ್ತಿತ್ತು. ಕಾದ ಫ್ಯೂಸು ತಡೆದು ತಡೆದು, ಆಮೇಲೆ ಇನ್ನಾರದೋ ಕರೆಯ ಹೊತ್ತಿಗೆ ಕಡಿದುಹೋಗುತ್ತಿತ್ತು. ಅವನದೂ ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ನಾನಾಗಿದ್ದರೂ ಆ ತಾಯಿಯ ಮಾತು ಮೀರುತ್ತಿರಲಿಲ್ಲ.

"ಸರಿ. ಆದ್ರೆ ಸತ್ತೋರ ನಂಬರು ಯಾರು ಕೇಳ್ತಾರೆ?" ಎಂದರು ಮೆಕ್ಯಾನಿಕ್.

ಹಿರಿಯರು, "ಮುರುಗಮಲ್ಲದಿಂದ ಕೇಳಿದ್ರು" ಎಂದರು. ಹೊಸ ಫ್ಯೂಸು ಹಾಕಿ ಮೆಕ್ಯಾನಿಕ್ ಅಲ್ಲಿಗೆ ಗಂಟೆ ಕೊಟ್ಟರು. ಮುರುಗಮಲ್ಲದ ಪೋಸ್ಟ್‌ಮಾಸ್ಟರ ದನಿ ಎಂಥದೆಂದರೆ ರಿಸೀವರನ್ನು ಕಿವಿಯಿಂದ ದೂರವೇ ಹಿಡಿಯಬೇಕು. ಕೋಣೆಗೆಲ್ಲ ಕೇಳಿಸಿತು.

"ಅವರಾ ಸ್ವಾಮಿ, ನಿಮ್ಮ ಆಪರೇಟರಮ್ಮನ ತಂದೆನೇ. ಮಾತೇ ಆಡಲ್ಲ. ಆಯಮ್ಮ ಉತ್ತರ ಇಲ್ಲ ಅನ್ನೋತನಕ ಕೇಳಿಸ್ಕೊಂಡು ಇಟ್ಟುಬಿಡ್ತಾರೆ. ದೇವರ ಮುಂದೆ ಆಣೆ ಮಾಡವ್ರಂತೆ, ಮಗಳ ಹತ್ರ ಮಾತಾಡಲ್ಲ ಅಂತ. ನಾನೇ ಕೇಳ್ದೆ, ಏನಯ್ಯಾ ಇದು ಅಂತ. ಮಾತಾಡಲ್ಲ ಅಂತ ಇಟ್ಟಿದೀನಿ ಕಣಪ್ಪ, ಕೇಳಿಸ್ಕೊಳ್ಳಲ್ಲ ಅಂತ ಇಟ್ಟಿಲ್ಲ ಅಂದ್ರು."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ಸಿಟ್ಟು ಮಾಡಿಕೊಂಡು ನಿಲ್ಲಬಹುದಿತ್ತು. ಹಿರಿಯರು ತಮ್ಮ ಟೀ ಲೋಟದೊಳಗೆ ನೋಡುತ್ತ ಕೂತರು. ಹಿಂದೆ ನಿಂತಿದ್ದವನೊಬ್ಬ, ಕುಣಿಯಲಾರದವಳು ಎಂದವನೇ ಇರಬೇಕು, ಸದ್ದಿಲ್ಲದೆ ಹೊರಗೆ ಹೋದ. ನಾನು ಬೋರ್ಡಿನ ಕಡೆ ಮುಖ ಮಾಡಿಕೊಂಡು, ಬೀಳದ ಮುಚ್ಚಳಗಳನ್ನು ಒಂದೊಂದಾಗಿ ಮುಟ್ಟಿ ಸರಿಮಾಡುತ್ತಿದ್ದೆ. ದೋಷ ನನ್ನ ಕೈಯಲ್ಲೇ ಇದ್ದಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು ಎನ್ನಿಸಿತು. ಟವೆಲ್ಲು ಕಂಕುಳಲ್ಲಿ ಇಟ್ಟುಕೊಂಡು ನಿಂತ ಅಪ್ಪನನ್ನು ಇವರೆಲ್ಲ ಈಗ ನೋಡಿಬಿಟ್ಟರಲ್ಲ.

"ಕಂಬದ ಹತ್ರ ತಂತಿ ಬಿಡಿಸಿ ಬಾ, ಮನೆ ಮೇಲಿಂದು ಹಾಗೇ ಇರಲಿ," ಎಂದು ಮೆಕ್ಯಾನಿಕ್ ಲೈನ್‌ಮನ್ನಿಗೆ ಹೇಳಿದರು. ಒಂದು ಮರದ ಬೆಣೆ ಕೆತ್ತಿಸಿ ಇಪ್ಪತ್ತೇಳನೆಯ ತೂತಿಗೆ ಗಟ್ಟಿಯಾಗಿ ಹೊಡೆದರು, ಇನ್ನು ಯಾರೂ ಅಲ್ಲಿ ಪ್ಲಗ್ಗು ಚುಚ್ಚುವ ಹಾಗಿರಲಿಲ್ಲ. ಆ ನಂಬರು ಇನ್ನು ಕೇಳಬೇಡಿ ಎಂದು ಮುರುಗಮಲ್ಲಕ್ಕೂ ಹೇಳಿದರು. ಹೊರಡುವಾಗ ನನ್ನ ಕುರ್ಚಿಯ ಪಕ್ಕ ನಿಂತು, "ಕೈಯಲ್ಲಿದೆ ಅಂದಿದ್ದೆ. ಮನಸ್ಸಿಗೆ ಹಚ್ಕೋಬೇಡಮ್ಮ" ಎಂದರು. ಆಯ್ತು ಸಾರ್ ಎಂದೆ. ಕೆಲಸ ಉಳಿಯಿತು.

ಗುರುವಾರ ಬಂತು. ಅಪ್ಪ ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಪೋಸ್ಟ್‌ಮಾಸ್ಟರ ಬಾಯಿಗೆ ಬೀಗವಿಲ್ಲ, ವಿಷಯವೆಲ್ಲ ಹೇಳಿಯೇ ಹೇಳಿರುತ್ತಾರೆ. ಮಗಳ ಆಫೀಸಿಗೆಲ್ಲ ಗೊತ್ತಾಯಿತೆಂದು ತಿಳಿದ ಮೇಲೆ ಆ ಮನುಷ್ಯ ಮತ್ತೆ ಆ ಕಿಟಕಿಯ ಮುಂದೆ ನಿಲ್ಲುವುದುಂಟೇ. ಮಧ್ಯಾಹ್ನ ಕಳೆಯಿತು. ಗೌರಿಬಿದನೂರಿಗೆ ಒಂದು ಕರೆ, ತೊಂಡೇಬಾವಿ ಸ್ಟೇಷನ್ನಿಗೆ ಸರಕು ಬಂತೇ ಎಂದು ಕೇಳುವವರು ಒಬ್ಬರು, ಇನ್ನೇನೋ. ನನ್ನ ಕಣ್ಣು ಒಂದೇ ಮುಚ್ಚಳದ ಮೇಲಿತ್ತು.

ಅದು ಬಿತ್ತು.

"ಅಮ್ಮಾ, ಯಜಮಾನ್ರು ಬಂದವ್ರೆ," ಎಂದರು ಪೋಸ್ಟ್‌ಮಾಸ್ಟರು, ಅವರ ಮಟ್ಟಿಗೆ ಮೆಲ್ಲಗೆ. "ಇನ್ನು ಆ ನಂಬರು ಇಲ್ಲ ಅಂತ ಹೇಳ್ದೆ. ಎಲ್ಲಾ ಹೇಳ್ದೆ. ತಲೆ ಬಗ್ಗಿಸ್ಕೊಂಡು ಹೊರಟೇಬಿಟ್ಟಿದ್ರು, ನಾನೇ ಕೈ ಹಿಡಿದು ನಿಲ್ಸಿದೀನಿ. ಈಗೇನ್ ಮಾಡ್ಲಮ್ಮ?"

ಹಿರಿಯರು ಪಕ್ಕದಲ್ಲೇ ಇದ್ದರು. ಇನ್ನಿಬ್ಬರು ಬಾಗಿಲಲ್ಲಿ ಬೀಡಿ ಹಚ್ಚುತ್ತಿದ್ದವರು ಹಚ್ಚುವುದನ್ನು ನಿಲ್ಲಿಸಿದರು. ನನ್ನ ಕಿವಿ ಕೆಂಡವಾಗಿತ್ತು.

"ರಿಸೀವರ್ ಅವರ ಕೈಗೆ ಕೊಡಿ ಸಾರ್," ಎಂದೆ.

ಬಸ್ಸಿನ ಹಾರ್ನು, ಜನರ ಗಲಾಟೆ, ಆಮೇಲೆ ಆ ಉಸಿರು. ಈ ಸಲ ಅದು ಯಾರದೆಂದು ನನಗೆ ಗೊತ್ತು, ಕೇಳುತ್ತಿರುವವಳಿಗೆ ಗೊತ್ತೆಂದು ಅವರಿಗೂ ಗೊತ್ತು. ಅಪ್ಪಾ ಎಂಬ ಮಾತು ಹಲ್ಲಿನವರೆಗೆ ಬಂತು. ಅಷ್ಟು ಜನರ ಮುಂದೆ ನಾಚಿಕೆಯಾಗಿ ಅಲ್ಲೇ ನಿಂತಿತು. ಅಂದಿದ್ದರೂ ಆ ಕಡೆಯಿಂದ ಉತ್ತರ ಬರುವಂತಿರಲಿಲ್ಲ.

"ನಂಬರ್ ಪ್ಲೀಸ್," ಎಂದೆ.

ಉಸಿರು ತಡೆಯಿತು. ನಾನು ಕೈಯಲ್ಲಿ ಪ್ಲಗ್ಗು ಹಿಡಿದುಕೊಂಡು, ಬೆಣೆ ಹೊಡೆದ ತೂತನ್ನು ನೋಡುತ್ತ, ಉದ್ದಕ್ಕೆ ಒಂದು ಗಂಟೆ ಕೊಡುವಷ್ಟು ಹೊತ್ತು ಕಾದೆ. ಇನ್ನೊಂದು ಗಂಟೆ ಕೊಡುವಷ್ಟು ಹೊತ್ತು ಕಾದೆ. ಮತ್ತೊಂದೂ ಕಾದೆ. ಆಮೇಲೆ ತರಬೇತಿಯಲ್ಲಿ ಕಲಿಸಿದ ಮಾತನ್ನೇ, ಒಂದೊಂದು ಪದವನ್ನೂ ಬಿಡಿಸಿ, ಎಷ್ಟು ನಿಧಾನವಾಗಿ ಹೇಳಬಹುದೋ ಅಷ್ಟು ನಿಧಾನವಾಗಿ ಹೇಳಿದೆ.

"ಇಪ್ಪತ್ತೇಳರಿಂದ ಉತ್ತರವಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ."

ರಿಸೀವರು ಕೈ ಬದಲಾಯಿಸಿದ ಸದ್ದು ಕೇಳಿತು.

"ಬರೋ ಗುರುವಾರ ಬರ್ತಾರಂತೆ ಕಣಮ್ಮ," ಎಂದರು ಪೋಸ್ಟ್‌ಮಾಸ್ಟರು.